ಕಿರಾಣಿ ಕೌಂಟರಿನಿಂದ ಕಂಡ ಬೆಲ್ಲಿಂಗ್‌ಕ್ಯಾಟ್

ಮೊದಲೇ ಹೇಳಿಬಿಡುತ್ತೇನೆ. ಬೆಳಗಿನ ಕಾಫಿ ಜೊತೆ ಪ್ರಪಂಚದ ಸುದ್ದಿ ಬೇಕು ಅನ್ನುವವರಿಗೆ, ಫೋಟೋ ವಿಡಿಯೋ ಜಾಲಾಡಿ ನಿಜ ಪತ್ತೆ ಹಚ್ಚುವ ಬೆಲ್ಲಿಂಗ್‌ಕ್ಯಾಟ್ ಎಂಬ ಈ ಜಾಲತಾಣ ಹೇಳಿಸಿದ್ದಲ್ಲ. ಅಲ್ಲಿ ಬ್ರೇಕಿಂಗ್ ನ್ಯೂಸ್ ಇಲ್ಲ, ಷೇರುಪೇಟೆ ಇಲ್ಲ, ಯಾರು ಗೆಲ್ಲುತ್ತಾರೆ ಎಂಬ ಭವಿಷ್ಯವೂ ಇಲ್ಲ. ವಾರಕ್ಕೆ ಕೆಲವೇ ಬರಹ, ಒಂದೊಂದೂ ಮಾರುದ್ದ. ಆದರೆ "ಈ ವಿಡಿಯೋ ಎಲ್ಲಿಯದು, ಯಾವತ್ತಿನದು, ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳುವ ಬುದ್ಧಿ ನಿಮಗಿದ್ದರೆ, ಇಷ್ಟು ಬಿಡಿಸಿ ಉತ್ತರ ಕೊಡುವ ಜಾಗ ನಾನು ಬೇರೆ ಕಂಡಿಲ್ಲ. ಅದೂ ಪುಕ್ಕಟೆ. ಜಾಹೀರಾತಿಲ್ಲ, ಲಾಗಿನ್ ಮಾಡಿ ಅಂತ ಪೀಡಿಸುವುದೂ ಇಲ್ಲ.

ನಾನು ಪತ್ರಕರ್ತನಲ್ಲ. ದಾವಣಗೆರೆ ಮಂಡಿಪೇಟೆಯಲ್ಲಿ ಕಿರಾಣಿ ಹೋಲ್‌ಸೇಲ್. ಎಣ್ಣೆ, ಬೇಳೆ, ಸಕ್ಕರೆ, ರವೆ. ಇವನಿಗ್ಯಾಕೆ ವಿದೇಶದ ಸುದ್ದಿ ಅಂತ ಕೇಳಬೇಡಿ. 2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿಗೆ ನುಗ್ಗಿದ ಮೇಲೆ ನನ್ನ ಅಂಗಡಿಯಲ್ಲಿ ಮಾತೆಲ್ಲ ವಿದೇಶದ್ದೇ. ಯುದ್ಧಕ್ಕೆ ಮೊದಲು ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ದೊಡ್ಡ ಪಾಲು ಉಕ್ರೇನಿನದು. ಉಳಿದದ್ದರಲ್ಲಿ ಹೆಚ್ಚಿನದು ರಷ್ಯಾದ್ದು, ಅರ್ಜೆಂಟೀನಾದ್ದು. ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು, ಇಲ್ಲಿ ಲೀಟರ್ ಪ್ಯಾಕೆಟ್ ಇನ್ನೂರರ ಹತ್ತಿರ ಹೋಯಿತು. ಸೂರ್ಯಕಾಂತಿ ಇಲ್ಲದಿದ್ದರೆ ಪಾಮ್ ಆಯಿಲ್ ಆದರೂ ಇದೆಯಲ್ಲ ಅಂದುಕೊಂಡರೆ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ಅದರ ರಫ್ತನ್ನೂ ನಿಲ್ಲಿಸಿತು. ಮೇ 23ಕ್ಕೆ ಮತ್ತೆ ಬಿಟ್ಟಿತು. ಮರುದಿನ ನಮ್ಮ ಕೇಂದ್ರ ಸರ್ಕಾರ ಸೂರ್ಯಕಾಂತಿ ಮತ್ತು ಸೋಯಾ ಎಣ್ಣೆಗೆ ವರ್ಷಕ್ಕೆ ತಲಾ 20 ಲಕ್ಷ ಟನ್‌ವರೆಗೆ ಆಮದು ಸುಂಕ ಬಿಟ್ಟಿತು. ಇವನ್ನೆಲ್ಲ ನೋಡಿಕೊಂಡು ಸರಕು ಹಿಡಿಯಬೇಕು. ಮಿರ್ಚಿ-ಮಂಡಕ್ಕಿ ಅಂಗಡಿಯ ನಮ್ಮ ಹಳೇ ಗಿರಾಕಿ ಒಬ್ಬರು ಟಿನ್ ಒಯ್ಯಲು ಬಂದಾಗಲೆಲ್ಲ, "ಅಲ್ರೀ ಸಾವ್ಕಾರ್ರೆ, ಬಾಂಬ್ ಅಲ್ಲಿ ಬೀಳ್ತದೆ, ರೇಟು ಇಲ್ಲಿ ಏರ್ತದೆ, ನಡುವೆ ಯಾರು ತಿಂತಾರೆ?" ಅನ್ನೋರು. ಟಿವಿ ಹಾಕಿದರೆ ದೊಡ್ಡ ಭೂಪಟ, ಬೆಂಕಿಯ ಗ್ರಾಫಿಕ್ಸು, ಕೂಗಾಟ. ಬಂದರು ತೆರೆದಿದೆಯೋ ಮುಚ್ಚಿದೆಯೋ ಅನ್ನುವುದು ಮಾತ್ರ ತಿಳಿಯದು.

ಆಗ ಮಗಳು ಕಳಿಸಿದ ಒಂದು ಲಿಂಕಿನಿಂದ ನಾನು ಇಲ್ಲಿಗೆ ಬಂದೆ.

ಇದು ಹುಟ್ಟಿದ ಕಥೆ ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನ ಲೆಸ್ಟರ್ ಎಂಬ ಊರಿನ ಎಲಿಯಟ್ ಹಿಗ್ಗಿನ್ಸ್ 2012ರಲ್ಲಿ ಮನೆಯಲ್ಲಿ ಕೂತು ಸಿರಿಯಾ ಯುದ್ಧದ ಯೂಟ್ಯೂಬ್ ವಿಡಿಯೋಗಳನ್ನು ನೋಡತೊಡಗಿದ. ಸೇನೆಯಲ್ಲಿದ್ದವನಲ್ಲ, ಅರಬ್ಬೀ ಬರುತ್ತಿರಲಿಲ್ಲ, ಪತ್ರಿಕೋದ್ಯಮ ಕಲಿತವನೂ ಅಲ್ಲ. ಯಾವ ವಿಡಿಯೋದಲ್ಲಿ ಯಾವ ಬಂದೂಕು, ಯಾವ ರಾಕೆಟ್ಟು ಅಂತ ಒಂದೊಂದಾಗಿ ಗುರುತಿಸಿ ಬರೆದಿಡುತ್ತಾ ಹೋದ. 2013ರಲ್ಲಿ, ಹಿಂದಿನ ಯುಗೊಸ್ಲಾವಿಯಾದ ಆಯುಧಗಳು ಸಿರಿಯಾದ ಬಂಡುಕೋರರ ಕೈಯಲ್ಲಿ ಕಾಣುತ್ತಿವೆ ಎಂದು ಅವನು ಗುರುತಿಸಿದ್ದನ್ನು ನ್ಯೂಯಾರ್ಕ್ ಟೈಮ್ಸ್ ಬೆನ್ನು ಹತ್ತಿತು. 2014ರ ಜುಲೈನಲ್ಲಿ ಜನರಿಂದ ಚಂದಾ ಎತ್ತಿ ಬೆಲ್ಲಿಂಗ್‌ಕ್ಯಾಟ್ ಶುರು ಮಾಡಿದ. ಬೆಕ್ಕಿಗೆ ಗಂಟೆ ಕಟ್ಟಲು ಹೊರಟ ಇಲಿಗಳ ಕಥೆಯಿಂದ ಬಂದ ಹೆಸರು. ಈಗ ಅದು ನೆದರ್‌ಲ್ಯಾಂಡ್ಸ್‌ನಲ್ಲಿ ನೋಂದಣಿಯಾದ ಪ್ರತಿಷ್ಠಾನ. ಸಂಬಳದ ಸಿಬ್ಬಂದಿ ಇದ್ದಾರೆ, ಜೊತೆಗೆ ಬೇರೆ ಬೇರೆ ದೇಶಗಳ ಸ್ವಯಂಸೇವಕರು. ಆದ್ದರಿಂದ ಇದನ್ನು ಪೂರ್ತಿ "ನಾಗರಿಕ ಪತ್ರಿಕೋದ್ಯಮ" ಅನ್ನುವುದು ಈಗ ಅರ್ಧ ಸತ್ಯ. ಆದರೆ ಕೆಲಸದ ರೀತಿ ಇವತ್ತಿಗೂ ಅದೇ. ನಿಮ್ಮ ನನ್ನ ಕೈಗೂ ಸಿಗುವ ಫೋಟೋ, ಭೂಪಟ, ಉಪಗ್ರಹ ಚಿತ್ರ ಇಟ್ಟುಕೊಂಡು ಪತ್ತೆ ಹಚ್ಚುವುದು.

ಶುರುವಾದ ಕೆಲವೇ ದಿನಕ್ಕೆ, ಜುಲೈ 17ರಂದು, ಆಮ್‌ಸ್ಟರ್‌ಡ್ಯಾಮ್‌ನಿಂದ ಕೌಲಾಲಂಪುರಕ್ಕೆ ಹೊರಟಿದ್ದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನವನ್ನು ಪೂರ್ವ ಉಕ್ರೇನಿನ ಮೇಲೆ ಹೊಡೆದುರುಳಿಸಿದರು. 298 ಜನ ಸತ್ತರು, ಅವರಲ್ಲಿ 196 ಜನ ನೆದರ್‌ಲ್ಯಾಂಡ್ಸ್‌ನವರು. ಬೆಲ್ಲಿಂಗ್‌ಕ್ಯಾಟ್ ಏನು ಅಂತ ತಿಳಿಯಬೇಕಾದರೆ ಈ ಪ್ರಕರಣದ ಬರಹಗಳನ್ನೇ ಓದಬೇಕು. ನಾನು ಅಂಗಡಿ ಮುಚ್ಚಿದ ಮೇಲೆ ಕೂತು ಓದಿದ್ದು ಅವನ್ನೇ.

ಅದರಲ್ಲಿ ಒಂದು ಜಾಹೀರಾತು ಫಲಕದ ಪ್ರಸಂಗ ಬರುತ್ತದೆ. ವಿಮಾನ ಬಿದ್ದ ಮರುದಿನ ಉಕ್ರೇನ್ ಕಡೆಯವರು ಒಂದು ಚಿಕ್ಕ ವಿಡಿಯೋ ಹಾಕಿದರು. ಒಂದು ಟ್ರೈಲರ್ ಲಾರಿ ಮೇಲೆ, ವಿಮಾನ ಹೊಡೆದುರುಳಿಸುವ ಬೂಕ್ ಕ್ಷಿಪಣಿಯ ವಾಹನ ಹೋಗುತ್ತಿದೆ, ಅದರಲ್ಲಿ ಒಂದು ಕ್ಷಿಪಣಿ ಇಲ್ಲ. ಇದು ರಷ್ಯಾ ಪರ ಬಂಡುಕೋರರ ಹಿಡಿತದಲ್ಲಿದ್ದ ಲುಹಾನ್ಸ್ಕ್ ಅಂತ ಉಕ್ರೇನ್ ಹೇಳಿತು. ಜುಲೈ 21ಕ್ಕೆ ರಷ್ಯಾದ ರಕ್ಷಣಾ ಇಲಾಖೆ ಪತ್ರಿಕಾಗೋಷ್ಠಿ ಕರೆದು, ಅಲ್ಲ, ಇದು ಉಕ್ರೇನ್ ಸೇನೆಯ ಕೈಯಲ್ಲೇ ಇರುವ ಕ್ರಾಸ್ನೋಆರ್ಮೈಸ್ಕ್ ಊರು, ಬೇಕಾದರೆ ರಸ್ತೆ ಬದಿಯ ಫಲಕ ನೋಡಿ, ಅದರಲ್ಲಿ ಆ ಊರಿನ ವಿಳಾಸವಿದೆ ಅಂದಿತು. ವಿಡಿಯೋ ಮಸುಕು. ಫಲಕದ ಅಕ್ಷರ ಓದಲು ಬರುವುದಿಲ್ಲ. ಅಂಥ ಕಡೆ ಯಾರ ಮಾತು ನಂಬುವುದು?

ಬೆಲ್ಲಿಂಗ್‌ಕ್ಯಾಟ್‌ನವರೂ ಅವರ ಓದುಗರೂ ಅಕ್ಷರದ ಗೊಡವೆಗೇ ಮೊದಲು ಹೋಗಲಿಲ್ಲ. ರಸ್ತೆ ಕೂಡುವ ರೀತಿ, ಮೇಲೆ ಹಾದ ತಂತಿಗಳು, ಹಿಂದಿನ ಮರಗಳು, ಫಲಕ ನಿಂತ ಜಾಗ, ಇವನ್ನು ಒಂದೊಂದಾಗಿ ಲುಹಾನ್ಸ್ಕ್‌ನ ಭೂಪಟಕ್ಕೆ, ಉಪಗ್ರಹ ಚಿತ್ರಕ್ಕೆ ಹೊಂದಿಸಿದರು. ಆ ಊರಿನವರೇ ಒಬ್ಬರು ಅಲ್ಲಿಗೆ ಹೋಗಿ ಅದೇ ಫಲಕದ ಫೋಟೋ ತೆಗೆದು ಹಾಕಿದರು. ಫಲಕದಲ್ಲಿ ರಷ್ಯಾ ಹೇಳಿದ ವಿಳಾಸವೇ ಇರಲಿಲ್ಲ. ಒಂದು ದೇಶದ ರಕ್ಷಣಾ ಇಲಾಖೆ ದೊಡ್ಡ ಪರದೆ ಹಾಕಿ ಹೇಳಿದ ಮಾತು ರಸ್ತೆ ಬದಿಯ ಒಂದು ಬೋರ್ಡಿನ ಮುಂದೆ ನಿಲ್ಲಲಿಲ್ಲ.

ನನಗೆ ಹಿಡಿಸಿದ್ದು ಇದೇ. ನಮ್ಮ ವ್ಯಾಪಾರದಲ್ಲಿ ವರ್ಷದ ಕೊನೆಗೆ "ಇಷ್ಟು ಬಾಕಿ" ಅಂತ ಬರೀ ಒಂದು ಅಂಕಿ ಹೇಳಿದರೆ ಯಾರೂ ಕೊಡುವುದಿಲ್ಲ. ರೋಕಡಿ ಪುಸ್ತಕ ತೆರೆದು ತಾರೀಖಿನಿಂದ ತಾರೀಖಿಗೆ ತೋರಿಸಬೇಕು. ಸುದ್ದಿಯಲ್ಲಿ ಮಾತ್ರ ನಾವು ಬಾಕಿ ಅಂಕಿ ಕೇಳಿ ಸುಮ್ನೆ ತಲೆಯಾಡಿಸುತ್ತೇವೆ, ಅಲ್ವಾ? "ಮೂಲಗಳು ತಿಳಿಸಿವೆ" ಅಂದರೆ ಮುಗೀತು. ಬೆಲ್ಲಿಂಗ್‌ಕ್ಯಾಟ್‌ನ ಒಳ್ಳೆಯ ಬರಹಗಳಲ್ಲಿ ಪ್ರತಿ ಹೆಜ್ಜೆಗೂ ಚಿತ್ರವಿರುತ್ತದೆ, ಕೊಂಡಿ ಇರುತ್ತದೆ, ಬಣ್ಣದ ಚೌಕ ಹಾಕಿ ಈ ಕಿಟಕಿ ಆ ಕಿಟಕಿಯೇ ಎಂದು ತೋರಿಸಿರುತ್ತಾರೆ. ಒಪ್ಪದಿದ್ದರೆ ನೀವೇ ಗೂಗಲ್ ಅರ್ಥ್ ತೆರೆದು ನೋಡಬಹುದು. ನಾನು ನೋಡಿದ್ದೇನೆ.

ಕ್ಷಿಪಣಿ ವಾಹನದ ಕಥೆ ಅಲ್ಲಿಗೆ ಮುಗಿಯಲಿಲ್ಲ. 2014ರ ಜೂನ್‌ನಲ್ಲಿ ರಷ್ಯಾದ ಕುರ್ಸ್ಕ್‌ನಿಂದ ಉಕ್ರೇನ್ ಗಡಿಯ ಕಡೆ ಹೊರಟ ಒಂದು ಸೇನಾ ಸಾಲಿನ ವಿಡಿಯೋಗಳನ್ನು ಅಲ್ಲಿಯ ಸಾಮಾನ್ಯ ಜನ ದಾರಿಯಲ್ಲಿ ತೆಗೆದು ತಮ್ಮ ಪುಟಗಳಲ್ಲಿ ಹಾಕಿಕೊಂಡಿದ್ದರು. ಅದರಲ್ಲಿ ಒಂದು ವಾಹನದ ನಂಬರು 3, ಆಮೇಲೆ ಅಳಿಸಿಹೋದ ಒಂದು ಅಂಕಿ, ಆಮೇಲೆ 2. ಆ ವಾಹನದ ಪಕ್ಕದ ರಬ್ಬರ್ ಪಟ್ಟಿ ಎಲ್ಲಿ ಹರಿದಿದೆ, ಎಲ್ಲಿ ಬಾಗಿದೆ ಅಂತ ನೋಡಿ, ಜುಲೈನಲ್ಲಿ ಪೂರ್ವ ಉಕ್ರೇನಿನ ದೊನೆಟ್ಸ್ಕ್‌ನಲ್ಲಿ ತೆಗೆದ ಫೋಟೋದ ಜೊತೆ ಇಟ್ಟು ಹೋಲಿಸಿದರು. 2016ರ ವರದಿಯಲ್ಲಿ ಅದು 332 ಎಂದು ಹೇಳಿದರು. ಅಳಿಸಿದ ಅಂಕಿಯನ್ನು ಗೀರುಗಳಿಂದ ಓದಿದ ಹಾಗೆ. 2018ರ ಮೇ 24ರಂದು, ಐದು ದೇಶಗಳ ಜಂಟಿ ತನಿಖಾ ತಂಡವೂ ಆ ಕ್ಷಿಪಣಿ ವಾಹನ ಕುರ್ಸ್ಕ್‌ನಲ್ಲಿದ್ದ ರಷ್ಯಾದ 53ನೇ ವಾಯುರಕ್ಷಣಾ ಬ್ರಿಗೇಡ್‌ನದು ಎಂದಿತು. 2022ರ ನವೆಂಬರ್ 17ಕ್ಕೆ ಡಚ್ ಕೋರ್ಟು ಮೂವರನ್ನು ಅವರ ಗೈರುಹಾಜರಿಯಲ್ಲೇ ಅಪರಾಧಿಗಳೆಂದು ತೀರ್ಪು ಕೊಟ್ಟಿತು, ನಾಲ್ಕನೆಯವನನ್ನು ಬಿಟ್ಟಿತು. ಕೋರ್ಟಿಗೆ ಫೋನ್ ಸಂಭಾಷಣೆ, ಸಾಕ್ಷಿ, ಪರಿಣತರು ಎಲ್ಲ ಬೇರೆಯಾಗಿಯೇ ಇದ್ದವು. ಬೆಲ್ಲಿಂಗ್‌ಕ್ಯಾಟೇ ಗೆದ್ದುಕೊಟ್ಟಿತು ಎಂದರೆ ಹೆಚ್ಚಾಯಿತು. ಮನೆಯಲ್ಲಿ ಕೂತವರು ಹಿಡಿದ ದಾರಿ ಸರಿಯಿತ್ತು, ಅಷ್ಟು ಹೇಳಬಹುದು.

ಎಲ್ಲಾ ಸಲ ಹೀಗೇ ಚೊಕ್ಕವಾಗಿ ನಡೆದಿಲ್ಲ. 2015ರಲ್ಲಿ, ಎಂಎಚ್17 ಬಗ್ಗೆ ರಷ್ಯಾ ಕೊಟ್ಟ ಉಪಗ್ರಹ ಚಿತ್ರಗಳು ತಿದ್ದಿದವು ಎಂದು ತೋರಿಸಲು ಅವರು ಬಳಸಿದ ಒಂದು ತಂತ್ರ, ಫೋಟೋ ಫೈಲನ್ನು ಚಿಕ್ಕದು ಮಾಡುವ ಜೆಪಿಇಜಿ ಕುಗ್ಗಿಸುವಿಕೆ ಚಿತ್ರದ ಬೇರೆ ಬೇರೆ ಭಾಗದಲ್ಲಿ ಬೇರೆ ಬೇರೆಯಾಗಿದೆಯಾ ಎಂದು ನೋಡುವುದು, ಪರಿಣತರಿಂದ ಚೆನ್ನಾಗಿ ಬೈಸಿಕೊಂಡಿತು. ಜರ್ಮನಿಯ ಚಿತ್ರ ಪರಿಣತರೊಬ್ಬರು ಇದು ಕಾಫಿ ಗಸಿಯಲ್ಲಿ ಭವಿಷ್ಯ ಓದಿದ ಹಾಗೆ ಎಂದರು. ಆ ಟೀಕೆ ಸರಿಯಾದದ್ದೇ. ಆಮೇಲೆ ಅವರು ಅದೇ ಜಾಗದ, ಅದೇ ದಿನದ ಉಪಗ್ರಹ ಚಿತ್ರವನ್ನು ಡಿಜಿಟಲ್‌ಗ್ಲೋಬ್ ಕಂಪನಿಯಿಂದ ದುಡ್ಡು ಕೊಟ್ಟು ಕೊಂಡು ಪಕ್ಕಪಕ್ಕ ಇಟ್ಟರು. ರಷ್ಯಾ ತೋರಿಸಿದ ಚಿತ್ರಕ್ಕೂ ಇದಕ್ಕೂ ತಾಳೆಯಾಗಲಿಲ್ಲ. ಮೊದಲೇ ಹೀಗೆ ಮಾಡಬಹುದಿತ್ತು! ಅವಸರದಲ್ಲಿ ಒಂದು ಸಾಫ್ಟ್‌ವೇರಿನ ಬಣ್ಣ ನೋಡಿ ತೀರ್ಮಾನಿಸುವುದು ಈಗಿನ ಎಐ ಪತ್ತೆ ಆಪ್‌ಗಳ ಕಾಲದಲ್ಲಿ ಇನ್ನೂ ಜಾಸ್ತಿ ಅಪಾಯ.

ಇನ್ನು ನನ್ನ ಕಸುಬಿಗೆ ಹತ್ತಿರದ್ದು. 2023ರಲ್ಲಿ ಹಡಗು ಉದ್ಯಮದ ಹಳೇ ಪತ್ರಿಕೆ ಲಾಯ್ಡ್ಸ್ ಲಿಸ್ಟ್ ಜೊತೆ ಸೇರಿ ಅವರು ರಷ್ಯಾ ವಶದಲ್ಲಿರುವ ಕ್ರಿಮಿಯಾದ ಸೆವಾಸ್ತೊಪೋಲ್ ಬಂದರಿನಿಂದ ಹೋಗುವ ಧಾನ್ಯದ ಬಗ್ಗೆ ಬರೆದರು. ನನ್ನಂಥವರು ಓದಲೇಬೇಕಾದದ್ದು. ಅಂತರರಾಷ್ಟ್ರೀಯ ದಾರಿಯಲ್ಲಿ ಓಡಾಡುವ 300 ಟನ್ ಮೇಲ್ಪಟ್ಟ ಹಡಗುಗಳು ಎಐಎಸ್ ಎಂಬ ಸಾಧನ ಇಟ್ಟುಕೊಂಡು ತಾವೆಲ್ಲಿದ್ದೇವೆ ಎಂದು ಸದಾ ಸಾರುತ್ತಿರಬೇಕು. ಮರೈನ್‌ಟ್ರಾಫಿಕ್ ಎಂಬ ತಾಣದಲ್ಲಿ ನೀವೂ ನೋಡಬಹುದು. ಕೆಲವು ಹಡಗುಗಳು ಕಪ್ಪು ಸಮುದ್ರದಲ್ಲಿ ಇದ್ದಕ್ಕಿದ್ದ ಹಾಗೆ ಮಾಯವಾಗುತ್ತವೆ. ಕೆಲವು ದಿನ ಬಿಟ್ಟು ಮತ್ತೆ ಕಾಣಿಸಿಕೊಳ್ಳುತ್ತವೆ, ಆಗ ನೀರಿನಲ್ಲಿ ಜಾಸ್ತಿ ಆಳಕ್ಕೆ ಇಳಿದಿರುತ್ತವೆ. ಅಂದರೆ ಹೊಟ್ಟೆ ತುಂಬಿದೆ. ಎಲ್ಲಿ ತುಂಬಿಸಿಕೊಂಡವು? ಅದೇ ದಿನಗಳ ಉಪಗ್ರಹ ಚಿತ್ರದಲ್ಲಿ ಸೆವಾಸ್ತೊಪೋಲ್‌ನ ಅವ್ಲಿತಾ ಧಾನ್ಯ ಟರ್ಮಿನಲ್ ಪಕ್ಕ ಒಂದು ಹಡಗು ನಿಂತಿರುತ್ತದೆ. ಹೆಸರು ಕಾಣದಿದ್ದರೂ ಉದ್ದ ಅಳೆಯಬಹುದು, ಡೆಕ್‌ನ ಬಣ್ಣ, ಮುಚ್ಚಳ, ಕ್ರೇನು ಎಣಿಸಬಹುದು.

ಟಿವಿಯವರು "ಆಹಾರ ಯುದ್ಧ" ಎಂದು ಹಿನ್ನೆಲೆ ಸಂಗೀತ ಹಾಕುತ್ತಾರೆ. ಇವರು ಹಡಗಿನ ಮುಚ್ಚಳ ಎಣಿಸುತ್ತಾರೆ. ನನಗೆ ಎರಡನೆಯದೇ ಬೇಕು. ಲಾರಿ ಲೋಡಿನ ತೂಕದಲ್ಲಿ ಮೋಸ ಹಿಡಿಯುವುದು ಹೇಗೆ ಅಂತ ಗೊತ್ತಿರುವ ಯಾವ ವರ್ತಕನಿಗೂ ಈ ಬರಹ ಕಷ್ಟವಾಗದು.

ಒಂದು ಕೊರತೆಯನ್ನೂ ಇಲ್ಲೇ ಹೇಳಬೇಕು. ಅರ್ಥವ್ಯವಸ್ಥೆ ಅಂತ ನೀವು ಇಲ್ಲಿ ಹುಡುಕಿದರೆ ಸಿಗುವುದು ಇಂಥವೇ. ಕಳ್ಳ ಸಾಗಣೆ, ನಿರ್ಬಂಧ ತಪ್ಪಿಸುವ ಹಡಗು, ಬೇನಾಮಿ ಕಂಪನಿ. ಡಾಲರ್ ಯಾಕೆ ಏರಿತು, ಬಡ್ಡಿ ಯಾಕೆ ಇಳಿಯಿತು, ಎಣ್ಣೆ ರೇಟು ಮುಂದಿನ ತಿಂಗಳು ಏನು, ಇದೆಲ್ಲ ಇಲ್ಲ. ನನ್ನ ಖರೀದಿಗೆ ಇದರಿಂದ ನೇರ ಲಾಭವಾಯ್ತಾ ಅಂತ ಕೇಳಿದರೆ, ಇಲ್ಲ. 2022ರ ಜುಲೈ 22ಕ್ಕೆ ಇಸ್ತಾನ್‌ಬುಲ್‌ನಲ್ಲಿ ಕಪ್ಪು ಸಮುದ್ರದ ದಾರಿಯಲ್ಲಿ ಉಕ್ರೇನಿನ ಧಾನ್ಯ ಸಾಗಿಸುವ ಒಪ್ಪಂದವಾದಾಗ, ಮರುವರ್ಷ ಜುಲೈನಲ್ಲಿ ರಷ್ಯಾ ಅದರಿಂದ ಹೊರಬಂದಾಗ ಸುದ್ದಿ ಮೊದಲು ಬಂದದ್ದು ನಮ್ಮ ಚೆನ್ನೈ ಏಜೆಂಟರ ಫೋನಿನಲ್ಲೇ.

ಲಾಭವಾದದ್ದು ಬೇರೆ ಕಡೆ. ಟೂಲ್‌ಕಿಟ್ ಅಂತ ಒಂದು ವಿಭಾಗವಿದೆ. ಮೊದಲು ಅದು ಒಂದು ಉದ್ದನೆಯ ಸ್ಪ್ರೆಡ್‌ಶೀಟ್ ಆಗಿತ್ತು, 2024ರಲ್ಲಿ ಬೇರೆಯದೇ ತಾಣ ಮಾಡಿದ್ದಾರೆ. ಭೂಪಟ, ಉಪಗ್ರಹ ಚಿತ್ರ, ಹಡಗು, ವಿಮಾನ, ಫೋಟೋ ಹುಡುಕುವುದು, ಹೀಗೆ ವಿಂಗಡಿಸಿ, ಯಾವ ಉಪಕರಣ ಏನು ಮಾಡುತ್ತದೆ, ದುಡ್ಡು ಕೇಳುತ್ತದಾ, ಎಲ್ಲಿ ಕೈಕೊಡುತ್ತದೆ ಎಂದು ಬರೆದಿದ್ದಾರೆ. ಕೈಕೊಡುವುದನ್ನೂ ಬರೆದಿರುವುದು ನನಗೆ ಮೆಚ್ಚುಗೆ. ಅಂಗಡಿಯಲ್ಲಿ ಟ್ಯಾಲಿ ಓಡಿಸುವ ಹಳೇ ಕಂಪ್ಯೂಟರಿನಲ್ಲೇ ಇವೆಲ್ಲ ನಡೆಯುತ್ತವೆ, ಗೂಗಲ್ ಅರ್ಥ್ ಪ್ರೊ ಮಾತ್ರ ಸ್ವಲ್ಪ ಎಳೆದಾಡುತ್ತದೆ.

ಬಳಸಿದ್ದು ಹೇಗೆ ಅಂತ ಒಂದು ಉದಾಹರಣೆ. ನಮ್ಮ ವರ್ತಕರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಬಂದರಿನಲ್ಲಿ ಹೊಗೆ, ಆಮೇಲೆ ಬಿಳಿಯ ದೊಡ್ಡ ಗುಮ್ಮಟದಂಥ ಮೋಡ, ಕ್ಯಾಮೆರಾ ಹಿಡಿದವನು ಬೀಳುತ್ತಾನೆ. ಕೆಳಗೆ ಉಕ್ರೇನಿನ ಬಂದರಿನ ಹೆಸರು ಹೇಳಿ "ಒಡೆಸ್ಸಾ ಬಂದರು ಉಡೀಸ್, ಸೋಮವಾರದಿಂದ ಎಣ್ಣೆ ಸಿಗಲ್ಲ, ಸ್ಟಾಕ್ ಹಿಡಿರಿ" ಅಂತ ಬರೆದಿತ್ತು. ಒಂದಿಬ್ಬರು ಆಗಲೇ ಫೋನು ಹಚ್ಚಿದ್ದರು. ವಿಡಿಯೋದ ಒಂದು ಚಿತ್ರ ನಿಲ್ಲಿಸಿ ನೋಡಿದೆ. ಹೊಗೆಯ ಪಕ್ಕ ಎತ್ತರದ, ಬಿಳಿ ಬಣ್ಣದ, ಸಾಲು ಸಿಲಿಂಡರಿನಂಥ ಕಟ್ಟಡ. ಕಾಳಿನ ಸೈಲೋ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೂ ರಷ್ಯಾದವರದೇ ಆದ ಹುಡುಕು ತಾಣ ಯಾಂಡೆಕ್ಸಿಗೂ ಹಾಕಿದೆ. ಎರಡೂ ಕಡೆ ಬಂದದ್ದು ಲೆಬನಾನಿನ ಬೈರೂತ್. 2020ರ ಆಗಸ್ಟ್ 4, ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸ್ಫೋಟಿಸಿ ಇನ್ನೂರಕ್ಕೂ ಹೆಚ್ಚು ಜನ ಸತ್ತ ದಿನ. ಅಲ್ಲಿಗೇ ಬಿಡಬಾರದು, ಭೂಪಟದಲ್ಲೂ ನೋಡಿ ಅನ್ನುತ್ತದೆ ಇವರ ಗೈಡು. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರಕ್ಕೆ ಹೋಗುವ ಗಡಿಯಾರದ ಗುರುತಿದೆ. 2020ರ ಮೊದಲಿಗೆ ಹೋದರೆ ಸೈಲೋ, ಪಕ್ಕದ ಗೋದಾಮು, ನೀರಿನ ಅಂಚು ಎಲ್ಲ ಕೂತವು. ಸ್ಫೋಟದ ನಂತರದ ಚಿತ್ರಕ್ಕೆ ಬಂದರೆ ಗೋದಾಮಿದ್ದ ಕಡೆ ಸಮುದ್ರದ ನೀರು ತುಂಬಿದ ಗುಂಡಿ. ಎರಡೂ ಚಿತ್ರ ಗ್ರೂಪಿಗೆ ಹಾಕಿದೆ. "ಅಣ್ಣಾವ್ರು ಸಿಐಡಿ ಆಗ್ಯಾರ" ಅಂತ ಒಬ್ಬರು ನಕ್ಕರು. ಸ್ಟಾಕಿನ ಮಾತು ಅಲ್ಲಿಗೆ ನಿಂತಿತು.

ಯಾಂಡೆಕ್ಸ್ ಬಗ್ಗೆ ಒಂದು ಮಾತು. ರಷ್ಯಾ, ಉಕ್ರೇನ್ ಕಡೆಯ ಕಟ್ಟಡ, ಬೀದಿ ಹುಡುಕಲು ಅದು ಗೂಗಲ್‌ಗಿಂತ ಚುರುಕು ಎಂದು ಇವರ ಗೈಡಿನಲ್ಲೇ ಇದೆ. ರಷ್ಯಾ ಬೆಲ್ಲಿಂಗ್‌ಕ್ಯಾಟನ್ನು 2021ರ ಅಕ್ಟೋಬರ್‌ನಲ್ಲಿ "ವಿದೇಶಿ ಏಜೆಂಟ್" ಪಟ್ಟಿಗೆ ಸೇರಿಸಿತು, 2022ರ ಜುಲೈನಲ್ಲಿ "ಅನಪೇಕ್ಷಿತ ಸಂಸ್ಥೆ" ಅಂದಿತು. ಆದರೂ ಯಾಂಡೆಕ್ಸ್ ಒಳ್ಳೆಯದಿರುವಲ್ಲಿ ಒಳ್ಳೆಯದು ಅಂತಲೇ ಬರೆಯುತ್ತಾರೆ.

ನೆರಳು ನೋಡಿ ತಾರೀಖು ಹೇಳುವ ವಿದ್ಯೆ ಇನ್ನೊಂದು. ಸನ್‌ಕ್ಯಾಲ್ಕ್ ಎಂಬ ತಾಣದಲ್ಲಿ ಜಾಗ, ದಿನ, ಗಂಟೆ ಕೊಟ್ಟರೆ ಸೂರ್ಯ ಎಲ್ಲಿದ್ದ, ನೆರಳು ಎತ್ತ ಬೀಳುತ್ತದೆ ಎಂದು ಗೆರೆ ಎಳೆದು ತೋರಿಸುತ್ತದೆ. ಇದರ ಬಲ ಗೊತ್ತಾದದ್ದು 2018ರಲ್ಲಿ. ಕ್ಯಾಮೆರೂನ್‌ನಲ್ಲಿ ಸೈನಿಕರು ಇಬ್ಬರು ಹೆಂಗಸರನ್ನೂ ಇಬ್ಬರು ಮಕ್ಕಳನ್ನೂ ಕೊಂದ ವಿಡಿಯೋ ಹರಿದಾಡಿತು. ಸರ್ಕಾರ ಮೊದಲು ಅದು ಸುಳ್ಳು ಸುದ್ದಿ, ನಮ್ಮ ದೇಶದ್ದೇ ಅಲ್ಲ ಅಂದಿತು. ಬಿಬಿಸಿ ಆಫ್ರಿಕಾ ಐ ತಂಡ ತನಿಖೆ ಮಾಡಿತು, ಬೆಲ್ಲಿಂಗ್‌ಕ್ಯಾಟ್‌ನವರೂ ಆನ್‌ಲೈನ್ ಸ್ವಯಂಸೇವಕರೂ ಕೈಜೋಡಿಸಿದರು. ಹಿಂದೆ ಕಾಣುವ ಬೆಟ್ಟದ ಏರಿಳಿತದ ಗೆರೆ ಹಿಡಿದು ಜೆಲೆವೆಟ್ ಊರಿನ ಹತ್ತಿರದ ಜಾಗ ಗುರುತಿಸಿದರು. ಬೇಸಿಗೆಯಲ್ಲಷ್ಟೇ ಮೂಡುವ ಕಾಲುದಾರಿ, ಒಂದು ಮನೆ ಕಟ್ಟಿದ ಕಾಲ, ನಡೆಯುವ ಸೈನಿಕರ ನೆರಳು ಇಷ್ಟರಿಂದ ಘಟನೆ 2015ರ ಮಾರ್ಚ್ 20ರಿಂದ ಏಪ್ರಿಲ್ 5ರ ನಡುವೆ ಅಂತ ಕಟ್ಟಿಹಾಕಿದರು. 2020ರಲ್ಲಿ ಅಲ್ಲಿನ ಕೋರ್ಟು ನಾಲ್ವರು ಸೈನಿಕರಿಗೆ ಹತ್ತು ವರ್ಷ ಜೈಲು ಕೊಟ್ಟಿತು. ನಾನು ಈ ಸನ್‌ಕ್ಯಾಲ್ಕನ್ನು ನಮ್ಮ ಅಂಗಡಿ ಮುಂದಿನ ಕಂಬದ ಮೇಲೆ ಪ್ರಯೋಗಿಸಿ ನೋಡಿದೆ. ಗೆರೆ ಸರಿಯಾಗಿ ನೆರಳಿನ ಮೇಲೇ ಬಿತ್ತು.

ಉಕ್ರೇನಿನಲ್ಲಿ ಜನಸಾಮಾನ್ಯರಿಗೆ ಆದ ಹಾನಿಯ ಒಂದು ಭೂಪಟವನ್ನೂ ಬೆಲ್ಲಿಂಗ್‌ಕ್ಯಾಟ್ ಮಾಡಿದೆ. ಚುಕ್ಕೆ ಒತ್ತಿದರೆ ತಾರೀಖು, ಜಾಗ, ಮೂಲ ವಿಡಿಯೋದ ಕೊಂಡಿ ಬರುತ್ತದೆ. 2022ರ ಫೆಬ್ರವರಿ ಕೊನೆಯಲ್ಲೇ ಖಾರ್ಕಿವ್‌ನ ವಸತಿ ಪ್ರದೇಶಗಳಲ್ಲಿ ಬಿದ್ದ ಕ್ಲಸ್ಟರ್ ಬಾಂಬಿನ ತುಂಡುಗಳನ್ನು ಅವರು ಪಟ್ಟಿ ಮಾಡತೊಡಗಿದ್ದರು. ಮಾರ್ಚ್ 1ರಂದು ಅದೇ ಖಾರ್ಕಿವ್‌ನಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ದಿನಸಿ ತರಲು ಅಂಗಡಿ ಮುಂದೆ ಸರದಿಯಲ್ಲಿ ನಿಂತಿದ್ದ. ದೇಹ ಬರಲು ಮೂರು ವಾರ ಹಿಡಿಯಿತು, ಮನೆಯವರು ಅದನ್ನು ನಮ್ಮ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆ ಭೂಪಟದಲ್ಲಿ ಖಾರ್ಕಿವ್ ಮೇಲೆ ಚುಕ್ಕೆಗಳು ಒಂದರ ಮೇಲೊಂದು ಕೂತಿವೆ. ಅದನ್ನು ನೋಡುವಾಗ ವಿದೇಶದ ಸುದ್ದಿ ಅನ್ನಿಸುವುದಿಲ್ಲ.

2025ರ ಮೇ ತಿಂಗಳು ನಿಮಗೆಲ್ಲ ನೆನಪಿರಬೇಕು. ಭಾರತ-ಪಾಕಿಸ್ತಾನ ಸಂಘರ್ಷದ ಆ ರಾತ್ರಿಗಳಲ್ಲಿ ನಮ್ಮ ಕೆಲವು ಚಾನೆಲ್‌ಗಳು ಕರಾಚಿ ಬಂದರನ್ನೇ ಧ್ವಂಸ ಮಾಡಿಬಿಟ್ಟವು. ಬೆಳಗಾದ ಮೇಲೆ ಬಂದರು ಇದ್ದಲ್ಲೇ ಇತ್ತು. ವಿಡಿಯೋ ಗೇಮಿನ ತುಣುಕುಗಳು ಯುದ್ಧದ ದೃಶ್ಯವಾಗಿ ಓಡಿದವು. ಆಗ ಬೆಲ್ಲಿಂಗ್‌ಕ್ಯಾಟ್ ಒಂದು ಡೀಪ್‌ಫೇಕ್ ಬಗ್ಗೆ ಬರೆಯಿತು. ಪಾಕಿಸ್ತಾನ ಸೇನೆಯ ವಕ್ತಾರರು ತಮ್ಮ ಎರಡು ಯುದ್ಧವಿಮಾನ ಹೋದವು ಅಂತ ಒಪ್ಪಿಕೊಳ್ಳುವ ವಿಡಿಯೋ. ಹಳೇ ಪತ್ರಿಕಾಗೋಷ್ಠಿಯ ದೃಶ್ಯಕ್ಕೆ ಹೊಸ ಧ್ವನಿ ಹಾಕಿ ಮಾಡಿದ್ದು. ಅದು ಹೇಗೆ ಜಾಲತಾಣದಿಂದ ನಮ್ಮ ಮುಖ್ಯವಾಹಿನಿ ಮಾಧ್ಯಮಗಳವರೆಗೆ ಬಂತು ಎಂದು ತೋರಿಸಿದರು. ಬರಹ ಚಿಕ್ಕದು, ಬೇಗ ಬಂತು. ಯಾವಾಗಲೂ ಇಷ್ಟು ಬೇಗ ಬಂದಿದ್ದರೆ ನಾನು ಈ ವಿಮರ್ಶೆಯನ್ನು ಇನ್ನೂ ಖುಷಿಯಿಂದ ಬರೆಯುತ್ತಿದ್ದೆ.

ದೂರುಗಳು. ಮೊದಲನೆಯದು ಭಾಷೆ. ಮುಖ್ಯವಾಗಿ ಇಂಗ್ಲಿಷ್, ರಷ್ಯನ್, ಉಕ್ರೇನಿಯನ್‌ನಂಥ ಕೆಲವು ಭಾಷೆಗಳಲ್ಲೂ ಸ್ವಲ್ಪ ಇದೆ. ಕನ್ನಡ ಬಿಡಿ, ನಮ್ಮ ಯಾವ ಭಾಷೆಯೂ ನನಗೆ ಕಂಡಿಲ್ಲ. ಬ್ರೌಸರಿನ ಅನುವಾದ ಹಾಕಿಕೊಂಡು ಓದಬಹುದು, ಆದರೆ ಕ್ಷಿಪಣಿಯ ಬಾಲ, ರೆಕ್ಕೆ, ಮೂತಿ ಎಲ್ಲ ಕಲಸಿಹೋಗುತ್ತದೆ. ಕನ್ನಡದಲ್ಲೂ ಫ್ಯಾಕ್ಟ್‌ಚೆಕ್ ಮಾಡುವವರಿದ್ದಾರೆ, ಒಳ್ಳೆ ಕೆಲಸ, ಆದರೆ ಹೆಚ್ಚಿನವರು "ಇದು ಸುಳ್ಳು" ಎಂದು ಕೆಂಪು ಸೀಲು ಹೊಡೆದು ನಾಲ್ಕು ಪ್ಯಾರಾದಲ್ಲಿ ಮುಗಿಸುತ್ತಾರೆ. ಹುಡುಕುವುದು ಹೇಗೆ ಎಂದು ಕಲಿಸುವುದು ಕಡಿಮೆ.

ಎರಡನೆಯದು, ಎಲ್ಲಿ ಕ್ಯಾಮೆರಾ ಹೆಚ್ಚೋ ಅಲ್ಲಿ ಇವರೂ ಹೆಚ್ಚು. ರಷ್ಯಾ, ಉಕ್ರೇನ್, ಸಿರಿಯಾ ಬಗ್ಗೆ ರಾಶಿ ರಾಶಿ. ನಮ್ಮ ಕಡೆಯದು ಅಪರೂಪ. ಇಂಟರ್ನೆಟ್ ನಿಲ್ಲಿಸಿದ ಊರಿನಿಂದ ವಿಡಿಯೋ ಬರುವುದಿಲ್ಲ, ಮಳೆಗಾಲದ ಮೋಡದ ಕೆಳಗೆ ಮಾಮೂಲಿ ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ಪುಕ್ಕಟೆ ಸಿಗುವ ಯುರೋಪಿನ ಸೆಂಟಿನೆಲ್-2 ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ನಮ್ಮ ಓಣಿಯ ಎರಡು ಅಂಗಡಿ ಸೇರಿ ಒಂದು ಚುಕ್ಕೆ. ಅದಕ್ಕಿಂತ ಸ್ಪಷ್ಟ ಬೇಕಾದರೆ ದುಡ್ಡು ಬಿಚ್ಚಬೇಕು.

ದುಡ್ಡು ಅಂದ ಮೇಲೆ, ಇವರದ್ದು ಎಲ್ಲಿಂದ? ಓದುಗರ ದೇಣಿಗೆ, ತರಬೇತಿ ಶುಲ್ಕ, ಬೇರೆ ಬೇರೆ ಪ್ರತಿಷ್ಠಾನಗಳ ಅನುದಾನ. ಅಮೆರಿಕದ ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿಯಿಂದಲೂ ಪಡೆದಿದ್ದಾರೆ, ಅದಕ್ಕೆ ದುಡ್ಡು ಬರುವುದು ಅಮೆರಿಕದ ಸಂಸತ್ತಿನಿಂದ. "ಹಾಗಾದರೆ ಇವರು ಪಶ್ಚಿಮದವರ ಬಾಲ" ಎಂದು ಟೀಕಿಸುವವರಿದ್ದಾರೆ. ನನಗೆ ಆ ಪ್ರಶ್ನೆ ಕೇಳಲೇಬೇಕಾದದ್ದು ಅನ್ನಿಸುತ್ತದೆ. ಯಾವ ದೇಶದ ಮೇಲೆ ಟಾರ್ಚು ಹಾಕುತ್ತೇವೆ ಅನ್ನುವುದರಲ್ಲೂ ಪಕ್ಷಪಾತ ಇರಬಹುದು. ಆದರೆ ಲುಹಾನ್ಸ್ಕ್‌ನ ಆ ಫಲಕ ಲುಹಾನ್ಸ್ಕ್‌ನಲ್ಲೇ ಇದೆಯೋ ಇಲ್ಲವೋ ಅನ್ನುವುದಕ್ಕೆ ಯಾರ ದುಡ್ಡೂ ಬೇಕಿಲ್ಲ, ನೋಡಿದರೆ ಸಾಕು. ಓದುವಾಗ ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳುತ್ತೇನೆ.

ನನಗೆ ನಿಜವಾಗಿ ಇರುಸುಮುರುಸಾದದ್ದು ಇನ್ನೊಂದು. ರಷ್ಯಾದ ವಿರೋಧ ಪಕ್ಷದ ನಾಯಕ ನವಾಲ್ನಿಗೆ ವಿಷ ಹಾಕಿದ ಗೂಢಚಾರ ತಂಡವನ್ನು ಇವರು 2020ರ ಡಿಸೆಂಬರ್‌ನಲ್ಲಿ ದಿ ಇನ್‌ಸೈಡರ್, ಡೆರ್ ಸ್ಪೀಗಲ್, ಸಿಎನ್ಎನ್ ಎಂಬ ಮಾಧ್ಯಮಗಳ ಜೊತೆ ಸೇರಿ ಬಯಲು ಮಾಡಿದರು. ದೊಡ್ಡ ಕೆಲಸ. ಆದರೆ ಅದಕ್ಕೆ ಬೇಕಾದ ಫೋನ್ ದಾಖಲೆ, ಪ್ರಯಾಣದ ವಿವರ ಸಿಕ್ಕಿದ್ದು ರಷ್ಯಾದ ಕಾಳಸಂತೆಯಲ್ಲಿ. ದುಡ್ಡು ಕೊಟ್ಟರೆ ಯಾರ ಕಾಲ್ ಪಟ್ಟಿಯನ್ನಾದರೂ ತಂದುಕೊಡುವ ದಲ್ಲಾಳಿಗಳು ಅಲ್ಲಿದ್ದಾರೆ. ಹೀಗೆ ಮಾಡಿದ್ದೇವೆ ಎಂದು ಅವರೇ ಬಿಚ್ಚಿ ಬರೆದಿದ್ದಾರೆ. ಕೊಲ್ಲಲು ಹೊರಟವರನ್ನು ಹಿಡಿಯಲು ಸರಿ ಅನ್ನಬಹುದು. ಆದರೆ "ಎಲ್ಲರಿಗೂ ಸಿಗುವ ಮಾಹಿತಿ" ಅನ್ನುವ ಮಾತು ಅಲ್ಲಿ ನಿಲ್ಲುವುದಿಲ್ಲ. ಓದುಗ ತಾನೇ ಹೋಗಿ ಪರೀಕ್ಷಿಸುವ ಹಾಗೂ ಇಲ್ಲ, ಪರೀಕ್ಷಿಸಲೂಬಾರದು. ನಮ್ಮಲ್ಲಿ ಯಾರಾದರೂ ಹುಡುಗರು ಇದನ್ನು ಓದಿ ಯಾರದ್ದೋ ನಂಬರು ಕೊಂಡು ಹುಡುಕಲು ಹೊರಟರೆ ಅದು ನೇರ ಅಪರಾಧ.

ತರಬೇತಿ ಶಿಬಿರಗಳೂ ಇವೆ, ಆನ್‌ಲೈನ್‌ನಲ್ಲಿ. ಯೂರೋದಲ್ಲಿ ಶುಲ್ಕ, ರೂಪಾಯಿಗೆ ತಿರುಗಿಸಿ ನೋಡಿ ಪುಟ ಮುಚ್ಚಿದೆ. ಪುಕ್ಕಟೆ ಗೈಡುಗಳೇ ನಮ್ಮಂಥವರಿಗೆ ಸಾಕು.

ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. ಶುರು ಮಾಡುವವರು ಮುಖಪುಟದಿಂದ ಬೇಡ, ಗೈಡುಗಳ ವಿಭಾಗದಿಂದ ಹೋಗಿ, ಅದರಲ್ಲೂ ಫೋಟೋ ಹಿಮ್ಮುಖವಾಗಿ ಹುಡುಕುವುದು ಮತ್ತು ಜಾಗ ಗುರುತಿಸುವುದು, ಈ ಎರಡು ಮೊದಲು. ಮೊಬೈಲಿನಲ್ಲಿ ಓದಬಹುದು, ಮಾಡಿ ನೋಡಲು ದೊಡ್ಡ ಪರದೆಯೇ ಬೇಕು. ಎಂಎಚ್17 ಬರಹಗಳನ್ನು ತಾರೀಖಿನ ಕ್ರಮದಲ್ಲಿ ಓದಿ, ಹಿಂದುಮುಂದಾದರೆ ದಾರಿ ತಪ್ಪುತ್ತದೆ. ಯುದ್ಧದ ಬರಹಗಳಲ್ಲಿ ಹೆಣ, ರಕ್ತ ಇರುವ ವಿಡಿಯೋ ಕೊಂಡಿಗಳು ಇರುತ್ತವೆ. ಹೆಚ್ಚಿನ ಕಡೆ ಮೊದಲೇ ಎಚ್ಚರಿಕೆ ಬರೆದಿರುತ್ತಾರೆ, ಆದರೂ ಮಕ್ಕಳು ಪಕ್ಕದಲ್ಲಿದ್ದಾಗ ಕೊಂಡಿ ಒತ್ತಬೇಡಿ.